ಗುಳ್ಳೆ ಒಣಗಿದ ಮೇಲೂ ಉಳಿದ ಉರಿ

ಮೊದಲು ಬಂದದ್ದು ನೋವು, ಗುಳ್ಳೆ ಆಮೇಲೆ. ಎಡ ಎದೆಯ ಕೆಳಗಿನಿಂದ ಪಕ್ಕೆಲುಬಿನ ಗುಂಟ ಬೆನ್ನುಮೂಳೆಯವರೆಗೆ ಚುಚ್ಚಿ ಎಳೆದ ಹಾಗೆ. ಐವತ್ತೈದು ದಾಟಿದ ಹೆಂಗಸು ಎಡ ಎದೆ ನೋವು ಎಂದರೆ ಮನೆಯಲ್ಲಿ ಯಾರಿಗೆ ತಾನೆ ನಿದ್ದೆ ಬರುತ್ತದೆ? ರಾತ್ರೋರಾತ್ರಿ ಸಾಗರಕ್ಕೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿದರು. ಹೃದಯಕ್ಕೆ ಏನೂ ಆಗಿಲ್ಲ, ಗ್ಯಾಸ್ ಇರಬೇಕು ಎಂದು ಮಾತ್ರೆ ಕೊಟ್ಟು ಕಳಿಸಿದರು. ಎರಡು ಮೂರು ದಿನ ಕಳೆದು ಸ್ನಾನ ಮಾಡುವಾಗ ನೋವಿದ್ದ ಜಾಗದಲ್ಲೇ ಕೆಂಪು ದದ್ದು, ಅದರ ಮೇಲೆ ನೀರು ತುಂಬಿದ ಸಣ್ಣ ಗುಳ್ಳೆಗಳ ಗೊಂಚಲು. ಅತ್ತೆ ಒಂದು ಸಲ ನೋಡಿದ್ದೇ ಹೇಳಿದರು: "ಇದು ಸರ್ಪಸುತ್ತು ಕಣೆ."

ನಮ್ಮ ಕಡೆ ಸರ್ಪಸುತ್ತಿಗೆ ಕೆಮ್ಮಣ್ಣಿನ ಲೇಪ ಹಾಕಿ ಮಂತ್ರಿಸುವವರು ಇದ್ದಾರೆ. ಗುಳ್ಳೆಯ ಸಾಲು ಮೈಸುತ್ತ ಬಂದು ಹಾವಿನ ತಲೆಯೂ ಬಾಲವೂ ಕೂಡಿಬಿಟ್ಟರೆ ಪ್ರಾಣ ಉಳಿಯುವುದಿಲ್ಲ ಎಂಬ ಹೆದರಿಕೆಯೂ ಇದೆ. ನನಗೆ ಆ ಹೆದರಿಕೆ ಹೋದದ್ದು ಶಿವಮೊಗ್ಗದ ಚರ್ಮರೋಗ ವೈದ್ಯರು ಕಾಯಿಲೆಯ ಮೂಲ ಬಿಡಿಸಿ ಹೇಳಿದ ಮೇಲೆ. ಚಿಕ್ಕಂದಿನಲ್ಲಿ ನನಗೆ ಸೀತಾಳೆ ಸಿಡುಬು ಆಗಿತ್ತು. ಬೇವಿನ ಸೊಪ್ಪು ಹಾಸಿ ಮಲಗಿಸಿದ್ದು ಈಗಲೂ ನೆನಪಿದೆ. ಆ ಸಿಡುಬು ತರುವ ವಾರಿಸೆಲ್ಲಾ ಜೋಸ್ಟರ್ ಎಂಬ ವೈರಸ್ಸು ಸಿಡುಬು ವಾಸಿಯಾದ ಮೇಲೆ ಮೈ ಬಿಟ್ಟು ಹೋಗುವುದಿಲ್ಲವಂತೆ. ಬೆನ್ನುಹುರಿಯ ಪಕ್ಕ, ನರದ ಬುಡದಲ್ಲಿರುವ ಗಂಟುಗಳಲ್ಲಿ ದಶಕಗಟ್ಟಲೆ ಸುಮ್ಮನೆ ಇರುತ್ತದೆ. ವಯಸ್ಸಾಗಿಯೋ ಬೇರೆ ಕಾಯಿಲೆಯಿಂದಲೋ ರೋಗ ತಡೆಯುವ ಶಕ್ತಿ ಕುಂದಿದಾಗ ಒಂದು ನರ ಹಿಡಿದು ಚರ್ಮಕ್ಕೆ ಇಳಿಯುತ್ತದೆ. ಆ ನರ ಮೈಯ ಒಂದೇ ಪಕ್ಕದ್ದು. ಅದಕ್ಕೇ ಗುಳ್ಳೆಯ ಸಾಲು ಮುಂದೆ ಎದೆಯ ನಡುವಿಗೆ, ಹಿಂದೆ ಬೆನ್ನಿನ ನಡುವಿಗೆ ಬಂದು ನಿಂತುಬಿಡುತ್ತದೆ. ಸುತ್ತು ಕೂಡಿ ಸಾಯುವ ಪ್ರಶ್ನೆಯೇ ಇಲ್ಲ. ಆದರೆ ಗುಳ್ಳೆಯ ನೀರು ತಾಗಿದರೆ ಸಿಡುಬು ಆಗದವರಿಗೆ ಸಿಡುಬು ಬರಬಹುದು, ಅದು ಬಸುರಿಯರಿಗೂ ಎಳೆ ಮಕ್ಕಳಿಗೂ ಒಳ್ಳೆಯದಲ್ಲ ಎಂದರು. ಸೊಸೆ ಆಗ ಆರು ತಿಂಗಳ ಬಸುರಿ. ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ಅವಳನ್ನು ತವರಿಗೆ ಕಳಿಸಿದೆವು.

ಶಿವಮೊಗ್ಗಕ್ಕೆ ಹೋಗುವ ಮುಂಚೆ ತೋರಿಸಿದ ಕಡೆ ಹಚ್ಚುವ ಮುಲಾಮು ಮಾತ್ರ ಕೊಟ್ಟಿದ್ದರು. ಅದರಲ್ಲಿ ಹೊತ್ತು ಕಳೆಯಿತು. ಸರ್ಪಸುತ್ತಿಗೆ ವೈರಸ್ಸನ್ನು ತಡೆಯುವ ಮಾತ್ರೆ ಇದೆ: ಅಸೈಕ್ಲೋವಿರ್ ಆದರೆ 800 ಮಿಲಿಗ್ರಾಂ ದಿನಕ್ಕೆ ಐದು ಸಲ, ವ್ಯಾಲಾಸೈಕ್ಲೋವಿರ್ ಆದರೆ 1 ಗ್ರಾಂ ದಿನಕ್ಕೆ ಮೂರು ಸಲ, ಸಾಮಾನ್ಯವಾಗಿ 7 ದಿನ. ದದ್ದು ಕಂಡ 72 ಗಂಟೆಯೊಳಗೆ ಶುರುವಾದರೆ ಅದರ ಫಲ ಹೆಚ್ಚು. ನನಗೆ ಆ ಅವಧಿ ಮೀರಿತ್ತು, ಆದರೂ ಹೊಸ ಗುಳ್ಳೆ ಏಳುತ್ತಲೇ ಇದ್ದದ್ದರಿಂದ ವೈದ್ಯರು ವ್ಯಾಲಾಸೈಕ್ಲೋವಿರ್ ಬರೆದರು. ಬೇಗ ತೆಗೆದುಕೊಂಡಿದ್ದರೆ ಮುಂದಿನ ನೋವು ಬರುತ್ತಲೇ ಇರಲಿಲ್ಲವೇ ಎಂದು ಆಮೇಲೆ ಕೇಳಿದ್ದೆ. ಹಾಗೆ ಖಾತ್ರಿ ಕೊಡಲು ಬರುವುದಿಲ್ಲ, ಗುಳ್ಳೆ ಬೇಗ ಒಣಗುತ್ತದೆ, ಮೊದಲ ವಾರಗಳ ನೋವು ತಗ್ಗುತ್ತದೆ, ಆದರೆ ಸಕಾಲಕ್ಕೆ ಮಾತ್ರೆ ನುಂಗಿದವರಲ್ಲೂ ಕೆಲವರಿಗೆ ನೋವು ಉಳಿಯುತ್ತದೆ ಎಂದರು. ವಯಸ್ಸು ಹೆಚ್ಚಿದ್ದವರಿಗೆ, ಶುರುವಿನಲ್ಲೇ ನೋವು ಜೋರಾಗಿದ್ದವರಿಗೆ ಆ ಅಪಾಯ ಹೆಚ್ಚು. ಎರಡೂ ನನಗಿತ್ತು.

ತಿಂಗಳೊಳಗೆ ಹಕ್ಕಳೆ ಉದುರಿತು. ಕಂದು ಕಲೆ ಉಳಿಯಿತು. ನೋವು ಹಾಗೇ ಇತ್ತು.

ಆ ನೋವು ಹೇಗಿತ್ತು ಎಂದು ಹೇಳಲೇಬೇಕು, ಯಾಕೆಂದರೆ ಇದೇ ಕಾಯಿಲೆ ಇದ್ದವರು ಓದಿದರೆ ತಮಗೆ ತಲೆಕೆಟ್ಟಿಲ್ಲ ಎಂದು ಅವರಿಗೆ ಗೊತ್ತಾಗಬೇಕು. ಇಡೀ ದಿನ ಒಳಗೊಳಗೇ ಉರಿ. ನಡುನಡುವೆ, ಏನೂ ಮಾಡದೆ ಕೂತಿದ್ದಾಗಲೂ, ಸೂಜಿ ಹಾಯಿಸಿದ ಹಾಗೆ ಒಂದು ಚಳಕು. ಪಾಠ ಹೇಳುತ್ತಿದ್ದವಳು ಅರ್ಧ ವಾಕ್ಯದಲ್ಲಿ ನಿಲ್ಲುತ್ತಿದ್ದೆ. ಇವೆರಡಕ್ಕಿಂತ ಕಷ್ಟದ್ದು ಸ್ಪರ್ಶ. ರವಿಕೆಯ ಬಟ್ಟೆ ತಾಗಿದರೆ ಉರಿ. ಸೆರಗು ಸರಿದರೆ ಉರಿ. ಫ್ಯಾನಿನ ಗಾಳಿ, ಬಸ್ಸಿನ ಕಿಟಕಿಯ ಗಾಳಿ ಆ ಜಾಗಕ್ಕೆ ಬಿದ್ದರೆ ಕೂತಲ್ಲೇ ಮೈ ಮುದುಡುತ್ತಿತ್ತು. ವಿಚಿತ್ರವೆಂದರೆ ಅದೇ ಜಾಗದ ನಡುವೆ ಅಂಗೈ ಅಗಲದಷ್ಟು ಚರ್ಮಕ್ಕೆ ಅರಿವೇ ಇರಲಿಲ್ಲ. ಜೋಮು ಹಿಡಿದ ಚರ್ಮ, ಅದರೊಳಗೇ ಉರಿ. ಇದನ್ನು ಯಾರಿಗೆ ಹೇಗೆ ಹೇಳುವುದು? "ಗಾಯ ಮಾಯ್ತಲ್ಲ ಮೇಡಂ, ಇನ್ನೇನು?" ಎಂದು ಶಾಲೆಯಲ್ಲಿ ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಕಾಲು ಮುರಿದರೆ ಪಟ್ಟಿ ಕಾಣುತ್ತದೆ, ಜ್ವರ ಬಂದರೆ ಮೈ ಮುಟ್ಟಿ ನೋಡಬಹುದು. ನನ್ನ ನೋವಿಗೆ ತೋರಿಸಲು ಏನೂ ಇರಲಿಲ್ಲ.

ಪ್ಯಾರಾಸಿಟಮಾಲ್ ನುಂಗಿದೆ. ಡೈಕ್ಲೋಫೆನಾಕ್ ನುಂಗಿದೆ. ಹೊಟ್ಟೆ ಉರಿ ಬಂತೇ ಹೊರತು ಪಕ್ಕೆಯ ಉರಿ ಹೋಗಲಿಲ್ಲ. ನರಕ್ಕೇ ಪೆಟ್ಟಾಗಿ ಬರುವ ನೋವಿಗೆ ಈ ಮಾತ್ರೆಗಳು ಹೆಚ್ಚು ಕೆಲಸ ಮಾಡುವುದಿಲ್ಲ ಎಂದು ಆಮೇಲೆ ತಿಳಿಯಿತು. ನಮ್ಮೂರಿನಲ್ಲಿ ಸೊಂಟನೋವು, ಮಂಡಿನೋವು, ನರದ ನೋವು ಎಲ್ಲಕ್ಕೂ ಮೆಡಿಕಲ್ ಶಾಪಿನಿಂದ ಅದೇ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಕಿಡ್ನಿಗೆ ಏಟು ಬಿದ್ದ ಮೇಲೆ ಗೊತ್ತಾಗುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿ ಆಶ್ಲೇಷಾ ಬಲಿ ಮಾಡಿಸಿಕೊಂಡೂ ಬಂದೆವು. ಅತ್ತೆಯ ಹರಕೆ ಅದು, ನನಗೂ ಅಲ್ಲಿ ಸಮಾಧಾನ ಸಿಕ್ಕಿತು. ಪೂಜೆಯ ಬಗ್ಗೆ ನನಗೆ ಏನೂ ತಕರಾರಿಲ್ಲ. "ಸೇವೆ ಆಯಿತಲ್ಲ, ಇನ್ನು ಇಂಗ್ಲಿಷ್ ಮಾತ್ರೆ ಮುಟ್ಟಬೇಡ" ಎಂದರಲ್ಲ ಕೆಲವರು, ಆ ಮಾತಿಗೆ ಮಾತ್ರ ಒಪ್ಪಲಿಲ್ಲ.

ಮೂರು ತಿಂಗಳು ಕಳೆದರೂ ನೋವು ಉಳಿದರೆ ಅದಕ್ಕೆ ಪೋಸ್ಟ್ ಹರ್ಪೆಟಿಕ್ ನ್ಯೂರಾಲ್ಜಿಯಾ ಎನ್ನುತ್ತಾರೆ. ಚರ್ಮರೋಗ ವೈದ್ಯರು ಆ ಹೆಸರು ಬರೆದು, "ಚರ್ಮದ ಕೆಲಸ ಮುಗಿಯಿತು, ಇನ್ನು ನೀವು ನೋವಿನ ಕ್ಲಿನಿಕ್‌ಗೆ ಹೋಗಬೇಕು" ಎಂದರು. ಅಂಥದ್ದೊಂದು ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಇದನ್ನು ಹೆಚ್ಚಾಗಿ ನಡೆಸುವವರು ಅರಿವಳಿಕೆ ವಿಭಾಗದ ವೈದ್ಯರು. ಆಪರೇಷನ್ ಥಿಯೇಟರಿನಲ್ಲಿ ಪ್ರಜ್ಞೆ ತಪ್ಪಿಸುವವರು ಎಂದಷ್ಟೇ ನಾವು ತಿಳಿದಿರುತ್ತೇವೆ. ನರ ಎಲ್ಲಿ ಹಾದುಹೋಗುತ್ತದೆ, ಎಲ್ಲಿ ಸೂಜಿ ಚುಚ್ಚಿದರೆ ಯಾವ ಜಾಗ ಮರಗಟ್ಟುತ್ತದೆ ಎಂಬುದು ಅವರಿಗೆ ಅಂಗೈ ಗೆರೆಯಷ್ಟು ಪರಿಚಯ. ದೀರ್ಘಕಾಲದ ನೋವಿನಲ್ಲಿ ಒದ್ದಾಡುತ್ತಿರುವವರು ಆಸ್ಪತ್ರೆಯ ಕೌಂಟರಿನಲ್ಲಿ "ಪೇನ್ ಕ್ಲಿನಿಕ್ ಇದೆಯಾ, ಯಾವ ವಾರ?" ಎಂದು ಕೇಳಬೇಕು. ಕೇಳದೆ ಯಾರೂ ಹೇಳುವುದಿಲ್ಲ.

ಅಲ್ಲಿನ ಡಾಕ್ಟರು ಹೆಂಗಸು, ನನ್ನ ಮಗಳ ವಯಸ್ಸು. ಮೊದಲ ಭೇಟಿಯಲ್ಲಿ ಔಷಧಿ ಚೀಟಿಗೆ ಕೈ ಹಾಕುವ ಮುಂಚೆ ಬಹಳ ಹೊತ್ತು ಕೇಳಿಸಿಕೊಂಡರು. ಹತ್ತಿಯ ಎಳೆಯಿಂದ ಸವರಿ, ಎಲ್ಲಿಂದ ಉರಿ ಶುರು, ಎಲ್ಲಿ ಅರಿವಿಲ್ಲ ಎಂದು ಚರ್ಮದ ಮೇಲೆ ಪೆನ್ನಿನಲ್ಲಿ ಗಡಿ ಎಳೆದರು. ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಅಂಕ ಕೊಡಿ ಎಂದರು. ಎಂಟು ಎಂದೆ. ಆಮೇಲೆ ಕೇಳಿದ ಪ್ರಶ್ನೆ: "ಈ ನೋವಿನಿಂದ ಏನೇನು ಮಾಡುವುದನ್ನು ಬಿಟ್ಟಿದ್ದೀರಿ?" ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಎಡಮಗ್ಗುಲಾಗಿ ಮಲಗುವುದು ಬಿಟ್ಟಿದ್ದೆ. ಬಸ್ಸು ಬಿಟ್ಟಿದ್ದೆ. ಮದುವೆ ಮುಂಜಿ ಬಿಟ್ಟಿದ್ದೆ, ಯಾಕೆಂದರೆ ನಾಲ್ಕು ಜನ ಸೇರಿದ ಕಡೆ ಯಾರಾದರೂ ಬಂದು ತಬ್ಬುತ್ತಾರೆ. ಅಷ್ಟರಲ್ಲಿ ಹುಟ್ಟಿದ್ದ ಮೊಮ್ಮಗಳನ್ನು ಎಡ ಸೊಂಟಕ್ಕೆ ಹಾಕಿಕೊಂಡಿರಲಿಲ್ಲ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಅವರು ಅದನ್ನೆಲ್ಲ ಬರೆದುಕೊಂಡು, "ನೋವನ್ನು ಪೂರ್ತಿ ಸೊನ್ನೆ ಮಾಡುತ್ತೇನೆ ಎಂದು ನಾನು ಮಾತು ಕೊಡುವುದಿಲ್ಲಮ್ಮ. ಈ ಪಟ್ಟಿಯಲ್ಲಿರುವುದನ್ನು ಒಂದೊಂದಾಗಿ ವಾಪಸ್ ತರೋಣ" ಎಂದರು.

ಗಾಯವಿಲ್ಲದೆ ನೋವು ಯಾಕೆ ಎಂದು ಕೇಳಿದೆ. ವೈರಸ್ಸು ನರವನ್ನೇ ಹಾಳು ಮಾಡಿದೆ, ಹಾಳಾದ ನರ ಕಾರಣವಿಲ್ಲದೆ ಸಂಕೇತ ಕಳಿಸುತ್ತಲೇ ಇರುತ್ತದೆ, ಅದನ್ನು ಕೇಳಿ ಕೇಳಿ ಬೆನ್ನುಹುರಿಯೂ ಸಣ್ಣದನ್ನು ದೊಡ್ಡದು ಮಾಡುವುದನ್ನು ರೂಢಿ ಮಾಡಿಕೊಂಡಿದೆ ಎಂದರು. ನನಗೆ ನಮ್ಮ ಶಾಲೆಯ ವಾರ್ಷಿಕೋತ್ಸವದ ಮೈಕು ನೆನಪಾಯಿತು. ವಾಲ್ಯೂಮ್ ಹೆಚ್ಚಾಗಿದ್ದರೆ ಯಾರೂ ಮಾತಾಡದಿದ್ದರೂ ಅದು ತಾನಾಗಿ ಕೂಗುತ್ತದೆ, ಕಾಗದ ಸರಿಸಿದರೂ ಸಿಡಿಲಿನ ಸದ್ದು. ಹೌದು, ಇಲ್ಲಿಯ ಔಷಧಿಗಳೆಲ್ಲ ವಾಲ್ಯೂಮ್ ತಗ್ಗಿಸುವವೇ ಎಂದರು ಡಾಕ್ಟರು.

ಮೊದಲ ಔಷಧಿ ಗ್ಯಾಬಾಪೆಂಟಿನ್. ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ರಾತ್ರಿ 300 ಮಿಲಿಗ್ರಾಂನಿಂದ ಶುರು ಮಾಡಿ, ಮೆಲ್ಲಗೆ ದಿನಕ್ಕೆ ಮೂರು ಹೊತ್ತಿಗೆ ಏರಿಸಿದರು. ಶುರುವಿನ ವಾರಗಳಲ್ಲಿ ತಲೆ ತಿರುಗು, ಮಂಪರು, ಕಾಲು ಊತ. ಕಪ್ಪುಹಲಗೆಗೆ ಕೈ ಕೊಟ್ಟು ನಿಂತು ಪಾಠ ಮಾಡಿದ ದಿನಗಳಿವೆ. ಮಂಪರು ಕ್ರಮೇಣ ಇಳಿಯಿತು, ಊತಕ್ಕೆ ಪ್ರಮಾಣ ತುಸು ತಗ್ಗಿಸಿದರು. ಹತ್ತು ಜನ ಈ ಮಾತ್ರೆ ತೆಗೆದುಕೊಂಡರೆ ಮೂವರಿಗೆ ನೋವು ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಇಳಿಯುತ್ತದೆ, ಉಳಿದವರಿಗೆ ಅಷ್ಟು ಫಲವಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಷ್ಟು ಬಿಚ್ಚಿ ಹೇಳಿದ್ದಕ್ಕೇ ಅವರ ಮೇಲೆ ನಂಬಿಕೆ ಬಂತು. ನನಗೆ ಎಂಟು ಇದ್ದದ್ದು ಆರಕ್ಕೆ ಇಳಿಯಿತು.

ಎರಡನೆಯದು ಅಮಿಟ್ರಿಪ್ಟಿಲಿನ್, ರಾತ್ರಿ 10 ಮಿಲಿಗ್ರಾಂ. ಬೆಂಗಳೂರಿನಲ್ಲಿರುವ ಭಾವನ ಮಗ ಮೊಬೈಲಿನಲ್ಲಿ ಹುಡುಕಿ ಫೋನ್ ಮಾಡಿದ: "ಚಿಕ್ಕಮ್ಮ, ಒಂದು ಫಿಟ್ಸ್ ಮಾತ್ರೆ, ಇನ್ನೊಂದು ಡಿಪ್ರೆಶನ್ ಮಾತ್ರೆ. ನಿಮಗ್ಯಾಕೆ ಕೊಟ್ಟಿದ್ದಾರೆ?" ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ನೋವೆಲ್ಲ ನನ್ನ ಮನಸ್ಸಿನದ್ದೇ ಎಂದು ಡಾಕ್ಟರು ತೀರ್ಮಾನಿಸಿದ್ದಾರೆ ಎಂದು ಇವರಿಗೂ ಅನುಮಾನ. ಅವನು ಹೇಳಿದ್ದು ಸುಳ್ಳಲ್ಲ, ಆ ಮಾತ್ರೆಗಳು ಮೊದಲು ಬಂದದ್ದು ಆ ಕಾಯಿಲೆಗಳಿಗೇ. ಖಿನ್ನತೆಗೆ ಕೊಡುವುದಕ್ಕಿಂತ ತೀರ ಕಡಿಮೆ ಪ್ರಮಾಣದಲ್ಲಿ ಅಮಿಟ್ರಿಪ್ಟಿಲಿನ್ ನರದ ನೋವನ್ನು ತಗ್ಗಿಸುತ್ತದೆ. ಮಿದುಳಿನಿಂದ ಕೆಳಗಿಳಿದು ನೋವನ್ನು ತಡೆಯುವ ದಾರಿಗಳಿವೆಯಲ್ಲ, ಅವಕ್ಕೆ ಬಲ ಕೊಡುತ್ತದೆ. ಇದನ್ನು ನಾನೇ ಮನೆಯವರಿಗೆಲ್ಲ ಕೂರಿಸಿ ಪಾಠ ಮಾಡಿದೆ. ಬಾಯಿ ಒಣಗುವುದು, ಮಲಬದ್ಧತೆ ಎರಡೂ ಬಂದವು. ನೀರಿನ ಬಾಟಲಿ ತರಗತಿಗೆ ಒಯ್ದೆ, ಬಸಳೆ ಸೊಪ್ಪು, ಬಾಳೆಹಣ್ಣು ಹೆಚ್ಚು ಮಾಡಿಕೊಂಡೆ. ಆದರೆ ಎಷ್ಟೋ ತಿಂಗಳ ಮೇಲೆ ರಾತ್ರಿ ಒಂದೇ ನಿದ್ದೆ. ನಿದ್ದೆ ಬಂದ ಮರುದಿನದ ನೋವೇ ಬೇರೆ, ಬಾರದ ಮರುದಿನದ್ದೇ ಬೇರೆ ಎಂಬುದು ನಾನು ಬರೆದಿಡುತ್ತಿದ್ದ ನೋವಿನ ಡೈರಿಯಲ್ಲಿ ಎದ್ದು ಕಾಣುತ್ತದೆ. ಗಂಡಸರಲ್ಲಿ ಪ್ರೊಸ್ಟೇಟ್ ತೊಂದರೆ ಇದ್ದವರಿಗೆ, ಹೃದಯದ ಬಡಿತ ಏರುಪೇರು ಇದ್ದವರಿಗೆ ಈ ಮಾತ್ರೆ ಆಗದಿರಬಹುದು. ಇನ್ನೊಬ್ಬರ ಚೀಟಿ ನೋಡಿ ತಂದು ನುಂಗುವ ಔಷಧಿ ಅಲ್ಲ.

ಹಚ್ಚುವ ಔಷಧಿಗಳಲ್ಲಿ ಲಿಡೊಕೇನ್ ಪಟ್ಟಿ ಚೆನ್ನಾಗಿ ಒಗ್ಗಿತು. ಹಲ್ಲು ಕೀಳುವಾಗ ಮರಗಟ್ಟಿಸುತ್ತಾರಲ್ಲ, ಅದೇ ಔಷಧಿ ಶೇ 5ರಷ್ಟು ಇರುವ ಅಂಟುಪಟ್ಟಿ. 12 ಗಂಟೆ ಅಂಟಿಸಿ 12 ಗಂಟೆ ಬಿಡಬೇಕು, ಗಾಯವಿರುವ ಚರ್ಮಕ್ಕೆ ಹಾಕುವಂತಿಲ್ಲ. ಶಾಲೆಗೆ ಹೋಗುವ ಮುಂಚೆ ಅಂಟಿಸಿಕೊಂಡರೆ ರವಿಕೆ ತಡೆದುಕೊಳ್ಳುವಂತಾಗುತ್ತಿತ್ತು. ದುಬಾರಿ, ಅದೊಂದೇ ಕಷ್ಟ. ಒಂದು ಪಟ್ಟಿಯನ್ನು ಕತ್ತರಿಸಿ ಬೇಕಾದಷ್ಟು ಜಾಗಕ್ಕೆ ಹಾಕಿಕೊಳ್ಳಬಹುದು ಎಂದು ನರ್ಸಮ್ಮ ತೋರಿಸಿಕೊಟ್ಟರು. ಮೆಣಸಿನಕಾಯಿಯ ಖಾರದ ಸತ್ವವಾದ ಕ್ಯಾಪ್ಸೈಸಿನ್ ಮುಲಾಮನ್ನೂ ಪ್ರಯತ್ನಿಸಿದೆ. ಮೊದಮೊದಲು ಉರಿಸಿ, ಹಚ್ಚುತ್ತ ಹೋದಂತೆ ನರದ ತುದಿಗಳು ಮಂದವಾಗುತ್ತವೆ ಎಂಬ ಲೆಕ್ಕ. ಕೆಲವರಿಗೆ ಒಳ್ಳೆಯ ಫಲ ಕೊಡುತ್ತದಂತೆ. ನನಗೆ ಆ ಮೊದಲ ಉರಿಯೇ ದಾಟಲಾಗಲಿಲ್ಲ, ನಿಲ್ಲಿಸಿದರು.

ಮನೆಯಲ್ಲೇ ಕಂಡುಕೊಂಡ ಒಂದು ಉಪಾಯ ಇವೆಲ್ಲಕ್ಕೂ ಸಮ. ಮೆಲ್ಲಗೆ ಸವರುವ ಸ್ಪರ್ಶ ನೋಯಿಸುತ್ತದೆ, ಬಿಗಿಯಾಗಿ ಒತ್ತಿದ ಸ್ಪರ್ಶ ಅಷ್ಟು ನೋಯಿಸುವುದಿಲ್ಲ. ಸಡಿಲ ಬಟ್ಟೆ ಹಾಕಿಕೋ ಎಂದು ಎಲ್ಲರೂ ಹೇಳಿದ್ದರು. ಸಡಿಲ ಬಟ್ಟೆ ಅಲುಗಾಡುತ್ತ ಸವರುತ್ತಲೇ ಇರುತ್ತದೆ. ತೊಳೆದು ತೊಳೆದು ಮೆತ್ತಗಾದ ಇವರ ಹಳೇ ಪಂಚೆಯನ್ನು ಹರಿದು, ಪಕ್ಕೆಯ ಸುತ್ತ ಬಿಗಿಯಾಗಿ ಸುತ್ತಿ, ಅದರ ಮೇಲೆ ರವಿಕೆ ತೊಟ್ಟೆ. ಬಟ್ಟೆ ಅಲುಗಲಿಲ್ಲ, ಉರಿ ಕೆರಳಲಿಲ್ಲ. ಡಾಕ್ಟರಿಗೆ ಹೇಳಿದಾಗ ಖುಷಿಪಟ್ಟು, ಬೇರೆ ರೋಗಿಗಳಿಗೂ ಹೇಳುತ್ತೇನೆ ಎಂದರು.

ಅಡಕೆ ಸುಗ್ಗಿಯ ಹೊತ್ತಿಗೆ ನೋವು ಐದು ಆರರಲ್ಲೇ ನಿಂತುಬಿಟ್ಟಿತ್ತು. ಆಗ ಸೂಜಿಯ ಮಾತು ಬಂತು. ಬೆನ್ನಿನಲ್ಲಿ, ಬೆನ್ನುಮೂಳೆಯ ಪಕ್ಕದ ಸ್ನಾಯುವಿನ ಅಡಿಗೆ ಮರಗಟ್ಟಿಸುವ ಔಷಧಿ ಬಿಡುವ ಎರೆಕ್ಟರ್ ಸ್ಪೈನೆ ಬ್ಲಾಕ್. 2016ರಲ್ಲಿ ಮೊದಲ ಸಲ ಇದರ ಬಗ್ಗೆ ವೈದ್ಯರು ಬರೆದದ್ದೇ ಎದೆಭಾಗದ ನರದ ನೋವಿಗೆ ಎಂದು ಡಾಕ್ಟರು ಹೇಳಿದಾಗ ಸ್ವಲ್ಪ ಧೈರ್ಯ ಬಂತು. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ದಿಂಬು ತಬ್ಬಿ ಕೂತೆ. ಸೂಜಿಗಿಂತ, ಬೆನ್ನು ಒರೆಸಿದ ತಣ್ಣನೆಯ ಬೀಟಾಡಿನ್ ಹೆಚ್ಚು ನೋಯಿಸಿತು. ಅಲ್ಟ್ರಾಸೌಂಡ್ ಪರದೆಯಲ್ಲಿ ಸೂಜಿಯ ದಾರಿ ನೋಡುತ್ತ ಇಳಿಸಿದರು. ಒಳಗೆ ಒತ್ತಿದ ಹಾಗೆ, ಭಾರ ತುಂಬಿದ ಹಾಗೆ ಆಯಿತು. ಅರ್ಧ ಗಂಟೆಯಲ್ಲಿ ಉರಿ ನಿಂತಿತು. ಕಡಿಮೆಯಾಯಿತು ಎಂದಲ್ಲ, ನಿಂತೇ ಹೋಯಿತು. ಉರಿ ಇಲ್ಲದ ಮೈ ಹೇಗಿರುತ್ತದೆ ಎಂಬುದು ನನಗೆ ಮರೆತೇಹೋಗಿತ್ತು. ಇವರು ಹೊರಗೆ ಕಾಯುತ್ತಿದ್ದರು. ನನ್ನ ಮುಖ ನೋಡಿ ಅವರ ಕಣ್ಣು ತುಂಬಿತು.

ಕೆಲವು ವಾರದಲ್ಲಿ ಉರಿ ಮರಳಿತು, ಮೊದಲಿನಷ್ಟಲ್ಲ. ಇನ್ನೊಮ್ಮೆ ಮಾಡಿಸಿದೆ. ಆ ಬಿಡುವಿನ ವಾರಗಳನ್ನು ವ್ಯರ್ಥ ಮಾಡಬೇಡಿ ಎಂದು ಫಿಸಿಯೋಥೆರಪಿಯವರು ಚರ್ಮಕ್ಕೆ ಸ್ಪರ್ಶದ ಅಭ್ಯಾಸ ಹೇಳಿಕೊಟ್ಟರು. ಮೊದಲು ರೇಷ್ಮೆ ಚೂರು, ಆಮೇಲೆ ಹತ್ತಿ ಬಟ್ಟೆ, ಆಮೇಲೆ ಟವೆಲ್ಲು; ಉರಿ ಇಲ್ಲದ ಅಂಚಿನಿಂದ ಶುರು ಮಾಡಿ ಒಳಕ್ಕೆ, ದಿನಕ್ಕೆ ಕೆಲವೇ ನಿಮಿಷ. ಬೇಸರದ ಕೆಲಸ, ಫಲ ಕಾಣಲು ತಿಂಗಳು ಬೇಕು. ಇದನ್ನು ಬಿಡಬಾರದು ಎಂದು ನಾನು ಒತ್ತಿ ಹೇಳುತ್ತೇನೆ.

ಕೆಲಸವನ್ನು ದಿನದಿನಕ್ಕೆ ಸಮವಾಗಿ ಹಂಚಿಕೊಳ್ಳುವುದನ್ನೂ ಅವರೇ ಕಲಿಸಿದ್ದು. ಅದಕ್ಕೆ ಮುಂಚೆ ನನ್ನ ರೂಢಿ ಬೇರೆ: ನೋವು ಕಡಿಮೆಯಿದ್ದ ದಿನ ಅಡಕೆ ಸುಲಿಯುವವರಿಗೆ ಅಡುಗೆ, ಕೊಟ್ಟಿಗೆ, ಬಟ್ಟೆ ಎಲ್ಲ ಒಟ್ಟಿಗೆ ಮುಗಿಸುವುದು, ಮರುದಿನ ಏಳಲಾಗದೆ ಮಲಗುವುದು. ಡೈರಿ ನೋಡಿದರೆ ಇದೇ ಮತ್ತೆ ಮತ್ತೆ. ಒಳ್ಳೆಯ ದಿನವೂ ಕೆಟ್ಟ ದಿನವೂ ಒಂದೇ ಅಳತೆಯ ಕೆಲಸ, ನಡುವೆ ವಿಶ್ರಾಂತಿ ಎಂದು ಗೊತ್ತು ಮಾಡಿದೆವು. ಮಲೆನಾಡಿನ ಮನೆಯಲ್ಲಿ ಹೆಂಗಸು ಹಗಲು ಮಲಗಿದರೆ ಮಾತು ಬರುತ್ತದೆ. ಅತ್ತೆ ಅದಕ್ಕೆ ಅವಕಾಶ ಕೊಡಲಿಲ್ಲ. ಎಂಬತ್ತರ ಹತ್ತಿರದ ಅವರು ನೆಂಟರೆದುರು "ಅವಳಿಗೆ ಡಾಕ್ಟ್ರು ಹೇಳಿದಾರೆ, ಮಲಗಲಿ" ಎನ್ನುತ್ತಿದ್ದರು. ಆ ಒಂದು ಮಾತಿಗೆ ನಾನು ಅವರಿಗೆ ಋಣಿ.

50 ದಾಟಿದವರಿಗೆ ಸರ್ಪಸುತ್ತಿನ ಲಸಿಕೆ 2023ರಿಂದ ನಮ್ಮ ದೇಶದಲ್ಲೂ ಸಿಗುತ್ತಿದೆ. ಶಿಂಗ್ರಿಕ್ಸ್ ಎಂದು ಹೆಸರು, ಎರಡು ಡೋಸು, ನಡುವೆ ಎರಡರಿಂದ ಆರು ತಿಂಗಳ ಅಂತರ. ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿಲ್ಲ, ಬೆಲೆ ಸಾವಿರಗಟ್ಟಲೆ. ಈಗಾಗಲೇ ಉಳಿದ ನೋವನ್ನು ಅದು ವಾಸಿ ಮಾಡುವುದಿಲ್ಲ. ಆದರೂ ಅಡಕೆ ಮಾರಿದ ದುಡ್ಡಿನಲ್ಲಿ ಇವರಿಗೆ ಮೊದಲು ಹಾಕಿಸಿದೆ, ಇನ್ನೊಮ್ಮೆ ಬಾರದಿರಲಿ ಎಂದು ಡಾಕ್ಟರನ್ನು ಕೇಳಿ ನಾನೂ ಹಾಕಿಸಿಕೊಂಡೆ. ಅಕ್ಕ, ಭಾವ, ಸಹೋದ್ಯೋಗಿಗಳು, ಯಾರು ಸಿಕ್ಕಿದರೂ ಇದನ್ನು ಹೇಳುತ್ತೇನೆ. ಕೈಯಲ್ಲಿ ದುಡ್ಡಿಲ್ಲದವರಿಗೆ ಹೇಳಿ ಏನು ಪ್ರಯೋಜನ ಎಂಬ ಸಿಟ್ಟೂ ಬರುತ್ತದೆ. ಅವರಿಗೆ ಕೊನೇಪಕ್ಷ ಗುಳ್ಳೆ ಕಂಡ ದಿನವೇ ವೈದ್ಯರ ಹತ್ತಿರ ಹೋಗಿ, ಮುಲಾಮಿಗೆ ಸುಮ್ಮನಾಗಬೇಡಿ, ವೈರಸ್ಸಿನ ಮಾತ್ರೆ ಬೇಕೇ ಎಂದು ಬಾಯಿಬಿಟ್ಟು ಕೇಳಿ ಎನ್ನುತ್ತೇನೆ.

ಈಗ ನೋವು ಎರಡು, ಕೆಲವು ದಿನ ಮೂರು. ಜಡಿಮಳೆಯ ಥಂಡಿಯಲ್ಲಿ ನಾಲ್ಕಕ್ಕೆ ಏರುವುದುಂಟು. ಬಸ್ಸಿಗೆ ಮರಳಿದ್ದೇನೆ, ಕಿಟಕಿ ಬಿಟ್ಟು ಒಳಗಿನ ಸೀಟು. ಎಡಮಗ್ಗುಲಿಗೆ ಮಲಗುವುದು ಇನ್ನೂ ಪೂರ್ತಿ ಬಂದಿಲ್ಲ. ಹಗಲಿನ ಗ್ಯಾಬಾಪೆಂಟಿನ್ ಒಂದೊಂದೇ ಹೊತ್ತು ಕಳಚಿ, ಈಗ ರಾತ್ರಿಯದು ಮಾತ್ರ ಇದೆ. ಥಟ್ಟನೆ ನಿಲ್ಲಿಸುವ ಮಾತ್ರೆ ಅಲ್ಲವಾದ್ದರಿಂದ ಮಳೆಗಾಲಕ್ಕೆ ಮುಂಚೆ ಎರಡು ಸ್ಟ್ರಿಪ್ ಹೆಚ್ಚಿಗೆ ತಂದಿಡುತ್ತೇನೆ. ನಮ್ಮ ರಸ್ತೆಗೆ ಮರ ಬಿದ್ದರೆ ಸಾಗರದ ಜನೌಷಧಿ ಕೇಂದ್ರ ದೂರವೇ. ಅಮಿಟ್ರಿಪ್ಟಿಲಿನ್ ಇಳಿಸುವ ಬಗ್ಗೆ ಮುಂದಿನ ಭೇಟಿಯಲ್ಲಿ ನೋಡೋಣ ಎಂದಿದ್ದಾರೆ. ಮೊಮ್ಮಗಳು ಈಗ ಸೊಂಟದ ಮೇಲೆ ಕೂರುವುದಿಲ್ಲ, ಓಡುತ್ತಾಳೆ. ಬಂದು ಎಡಗಡೆಗೇ ಡಿಕ್ಕಿ ಹೊಡೆಯುತ್ತಾಳೆ, ಉರಿಯುತ್ತದೆ, ಆದರೂ ಎತ್ತಿಕೊಳ್ಳುತ್ತೇನೆ.